ಅರ್ಧಕ್ಕೆ ನಿಂತ ಕೌದಿ

(ಕೈಕಸುಬುಗಳ ಕುರಿತ ಮಹಿಳೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಕೌದಿ ಎಂದರೇನೆಂದು ಈ ಸಭೆಗೆ ನಾನು ಹೇಳಬೇಕಿಲ್ಲ. ಹಳೆಯ ಸೀರೆ, ಧೋತರ, ಹರಿದ ಅಂಗಿ, ಕುಬಸದ ಚೂರುಗಳನ್ನು ಪದರ ಪದರವಾಗಿ ಹರವಿ, ಕೈಯಿಂದ ಸಾಲು ಸಾಲಾಗಿ ಹೊಲಿದರೆ ಕೌದಿ. ಚಳಿಗೆ ಹೊದಿಕೆ, ಬೇಸಿಗೆಗೆ ಹಾಸಿಗೆ, ಬಾಣಂತಿಯ ಕೋಣೆಯಲ್ಲಿ ಕೂಸಿನ ಮೆತ್ತೆ. ಒಗೆದೊಗೆದು ಮೆತ್ತಗಾದ ಹತ್ತಿಬಟ್ಟೆ ಎಳೆಯ ಮೈಗೆ ಒತ್ತುವುದಿಲ್ಲ ಎಂಬುದು ಹಿರಿಯರ ಲೆಕ್ಕಾಚಾರ.

ಇಂದು ನಾನು ಹೇಳಹೊರಟಿರುವುದು ಮುಗಿಯದೆ ಉಳಿದ ಕೌದಿಯ ಮಾತು. ಹೊಲಿಯುತ್ತಿದ್ದ ತಾಯಿ ತೀರಿಕೊಂಡರೆ ಅದನ್ನು ಏನು ಮಾಡಬೇಕು? ಹಾಗೆಯೇ ಮಡಿಸಿಡಬೇಕೆ? ಬಿಚ್ಚಿ ಹೊಸದಾಗಿ ಹೊಲಿಯಬೇಕೆ? ಅಥವಾ ಉಳಿದದ್ದನ್ನು ಮುಗಿಸಬೇಕೆ?

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಹೆಂಗಸರ ಕೆಲಸದಲ್ಲಿ ಇದಕ್ಕೊಂದು ಉತ್ತರ ಸಿಗುತ್ತದೆ. ಆಫ್ರಿಕಾ ಮೂಲದ ಈ ಜನರ ಪೂರ್ವಜರಲ್ಲಿ ಅನೇಕರು ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು. ಅವರ ಕೌದಿಗೆ ಕವಂದಿ ಎಂದು ಹೆಸರು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದನ್ನು ಅಧ್ಯಯನ ಮಾಡಿ ಹೊರಜಗತ್ತಿಗೆ ಪರಿಚಯಿಸಿದರು. ಕವಂದಿಯನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂವು ಕೂರಿಸುತ್ತಾರೆ. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ.

ಹೀಗೆ ಅಂಚಿನಿಂದ ಒಳಕ್ಕೆ ಹೊಲಿಯುವ ಹೊದಿಕೆ ಅರ್ಧಕ್ಕೆ ನಿಂತರೆ ಉಳಿಯುವುದು ನಡುಭಾಗ. ಅದರ ಉದ್ದಗಲವನ್ನು, ಮೊದಲ ಬಣ್ಣಗಳನ್ನು ತಾಯಿ ಆಗಲೇ ನಿರ್ಧರಿಸಿಟ್ಟಿರುತ್ತಾಳೆ. ಮುಂದೆ ಬರುವವರು ಆ ಚೌಕಟ್ಟಿನೊಳಗೆ ಕುಳಿತು ಹೊಲಿಯಬೇಕು.

ನನ್ನವ್ವ ಬಿಟ್ಟುಹೋದ ಕೌದಿಯೂ ಹಾಗೆಯೇ ಇತ್ತು. ಸೂಜಿ ಬಟ್ಟೆಯಲ್ಲೇ ತುಕ್ಕು ಹಿಡಿದಿತ್ತು. ಅದನ್ನು ಮುಟ್ಟುವುದೇ ಅಪ್ಪನಿಗೆ ಬೇಡವಾಗಿತ್ತು. "ಇದು ಮುಗೀತಂದ್ರ ಆಕಿ ಕೆಲಸನೂ ಮುಗದಂಗ" ಎನ್ನುತ್ತಿದ್ದರು. ಅವ್ವನ ಜೊತೆ ವರ್ಷಗಟ್ಟಲೆ ಹೊಲಿದಿದ್ದ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. "ಆಕಿ ಹೊಲಿಗಿ ಬಿಚ್ಚಬ್ಯಾಡವ್ವ. ಆಕಿ ಹಂಗ ಹೊಲೀಲಿಕ್ಕೂ ಹೋಗಬ್ಯಾಡ. ಆಕಿ ಕೈ ಎಲ್ಲಿ ನಿಂತೈತಿ, ಅಲ್ಲಿಂದ ನಿನ್ನ ಕೈ ನಡೀಲಿ" ಎಂದರು. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಮ್ಮ ಹಳೆಯ ಧೋತರ ತಂದು ನನ್ನ ಮುಂದಿಟ್ಟರು.

ಅಜ್ಜಿಯ ಮಾತು ಸಮಾಧಾನಕ್ಕೆ ಆಡಿದ್ದಲ್ಲ, ಕಸುಬಿನ ಮಾತು. ಮಧ್ಯಾಹ್ನ ಕಟ್ಟೆಯ ಮೇಲೆ ಎರಡು ಮೂರು ಹೆಂಗಸರು ಒಂದೇ ಕೌದಿಗೆ ಕೂಡುತ್ತಿದ್ದರು. ಒಬ್ಬರದು ಒತ್ತು ಹೊಲಿಗೆ, ಇನ್ನೊಬ್ಬರದು ಸಡಿಲ. ಹೊಲಿಗೆ ನೋಡಿಯೇ ಯಾರದೆಂದು ಹೇಳಬಲ್ಲವರಿದ್ದರು. ಕೈ ಬದಲಾದದ್ದು ಕಾಣುವುದು ಕೌದಿಗೆ ಕುಂದಲ್ಲ.

ಮುಗಿಸಹೊರಟವರಿಗೆ ನಾಲ್ಕು ಮಾತು. ಮೊದಲು ತುಕ್ಕು ಸೂಜಿಯನ್ನು ಮೆಲ್ಲನೆ ತೆಗೆಯಿರಿ. ಸಡಿಲ ಪದರಗಳನ್ನು ದೊಡ್ಡ ಟಾಕುಗಳಿಂದ ಹಿಡಿಸುವ ಮುನ್ನ ಒಗೆಯಬೇಡಿ. ಒಳಗಿನ ಚೂರುಗಳು ಮುದುಡುತ್ತವೆ. ನೈಲಾನ್ ದಾರ ಬೇಡ, ಅದು ಹಳೆಯ ಬಟ್ಟೆಯನ್ನು ಕೊಯ್ಯುತ್ತದೆ. ಹತ್ತಿಯ ದಾರ ಬಳಸಿ. ಹೊಸ ಬಟ್ಟೆ ಸೇರಿಸುವುದಾದರೆ ಅದನ್ನು ಮೊದಲೇ ಒಗೆದು ಕುಗ್ಗಿಸಿಕೊಳ್ಳಿ.

ಮುಗಿದ ಮೇಲೆ ಅದನ್ನು ಗಾಜಿನ ಕಪಾಟಿನಲ್ಲಿಡಬೇಡಿ, ಹೊದೆಯಿರಿ. ಹೊದ್ದರೆ ಹರಿದೀತು ನಿಜ. ಹರಿದರೆ ತೇಪೆ ಹಾಕಲು ಇನ್ನೊಂದು ಕೈ ಬರುತ್ತದೆ. ಕೌದಿ ತಲೆಮಾರು ದಾಟಿ ಬಂದಿರುವುದೇ ಹಾಗೆ. ತಾಯಿ ಇನ್ನೂ ಹೊಲಿಯುತ್ತಿರುವ ಮನೆಯವರಿಗೆ ನನ್ನದೊಂದೇ ಬಿನ್ನಹ: ಈ ವಾರ ಅವರ ಪಕ್ಕ ಕುಳಿತು ನಾಲ್ಕು ಸಾಲು ಹಾಕಿ.