‘ಆಗದು’ ಎಂಬ ಉತ್ತರ

ಬೆಂಗಳೂರಿನ ಕೆ.ಆರ್. ಪುರದಿಂದ ಹಲಸೂರಿನ ಕಡೆಗೆ ಹಳೇ ಮದ್ರಾಸು ರಸ್ತೆ ಹಿಡಿದು ಬಂದರೆ ಇಂದಿರಾನಗರದಲ್ಲಿ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ಸಿಗುತ್ತದೆ. ಅದರ ಸುತ್ತಲಿನ ಬೀದಿಗಳಲ್ಲಿ ಕಂಪ್ಯೂಟರ್ ಇಲ್ಲದ ಮನೆ ಅಪರೂಪ. ಅವುಗಳಲ್ಲಿ ಎಷ್ಟೋ ಯಂತ್ರಗಳು ದಿನದ ಬಹುಪಾಲು ಸುಮ್ಮನೆ ಉರಿಯುತ್ತಿರುತ್ತವೆ. ಆ ಸುಮ್ಮನಿರುವ ಹೊತ್ತನ್ನು ರೋಗಿಗಳ ಕೆಲಸಕ್ಕೆ ಕೊಡಲು ಸಾಧ್ಯವಿದೆ.

ರೋಗಕ್ಕೆ ಕಾರಣವಾದ ಪ್ರೋಟೀನಿನ ಮೇಲೆ ಸರಿಯಾಗಿ ಕೂರುವ ಅಣುವೊಂದನ್ನು ಹುಡುಕುವುದು ಹೊಸ ಔಷಧದ ಮೊದಲ ಹೆಜ್ಜೆಗಳಲ್ಲೊಂದು. ಲಕ್ಷಗಟ್ಟಲೆ ಅಣುಗಳನ್ನು ಪ್ರಯೋಗಾಲಯದಲ್ಲಿ ಒಂದೊಂದಾಗಿ ನೋಡುವುದು ದುಬಾರಿಯ, ನಿಧಾನದ ಮಾತು. ಅದಕ್ಕೇ ಯಾವ ಅಣು ಕೂರಬಹುದೆಂದು ಮೊದಲು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಆ ಲೆಕ್ಕವನ್ನು ಚೂರು ಚೂರು ಮಾಡಿ ಸ್ವಯಂಸೇವಕರ ಮನೆಗಳಿಗೆ ಇಂಟರ್‌ನೆಟ್ಟಿನಲ್ಲಿ ಕಳಿಸುವ ‘ವರ್ಲ್ಡ್ ಕಮ್ಯೂನಿಟಿ ಗ್ರಿಡ್’ 2004ರಲ್ಲಿ ಶುರುವಾಯಿತು. ಪ್ರೋಟೀನುಗಳು ಮಡಿಚಿಕೊಳ್ಳುವ ಬಗೆಯನ್ನು ಹೀಗೆಯೇ ಲೆಕ್ಕ ಹಾಕಿಸುವ ‘ಫೋಲ್ಡಿಂಗ್ ಅಟ್ ಹೋಮ್’ ಅದಕ್ಕೂ ಹಳೆಯದು, 2000ದ್ದು. 2020ರ ಲಾಕ್‌ಡೌನಿನಲ್ಲಿ ಲೋಕವೆಲ್ಲ ಮನೆಯೊಳಗೆ ಕೂತಾಗ, ಹೀಗೆ ಒಟ್ಟುಗೂಡಿದ ಮನೆಯ ಯಂತ್ರಗಳ ಬಲ ಜಗತ್ತಿನ ಅತಿ ವೇಗದ ಸೂಪರ್ ಕಂಪ್ಯೂಟರನ್ನೂ ಮೀರಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೆಯೇ ಸಂಗತಿ. ಜಪಾನಿನ ಚಿಬಾದ ಸಂಶೋಧಕರು ಮಕ್ಕಳನ್ನು ಕಾಡುವ ನ್ಯೂರೋಬ್ಲಾಸ್ಟೋಮ ಎಂಬ ಕ್ಯಾನ್ಸರಿಗೆ ಇದೇ ದಾರಿಯಲ್ಲಿ 30 ಲಕ್ಷ ಅಣುಗಳನ್ನು ಜಾಲಾಡಿದರು. 2014ರಲ್ಲಿ ಅವರು ಪ್ರಕಟಿಸಿದ ಭರವಸೆಯ ಅಣುಗಳು 7. ಅಂದರೆ ಹೆಚ್ಚುಕಡಿಮೆ ಎಲ್ಲ ಯಂತ್ರಗಳೂ ರಾತ್ರಿಯೆಲ್ಲ ದುಡಿದು ಹೇಳಿದ್ದು ಒಂದೇ: ‘ಇದು ಆಗದು.’ ಆ ಉತ್ತರಗಳಿಲ್ಲದೆ ಆ ಏಳು ಸಿಗುತ್ತಿರಲಿಲ್ಲ.

ಕೊಟ್ಟದ್ದರ ಫಲ ಕಣ್ಣಿಗೆ ಕಾಣಬೇಕು ಅನ್ನುವವರು ನಾವು. ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟರೆ ಬೆಳಕು ಮರೆಯಾಗುವಷ್ಟು ದಪ್ಪಗೆ ಹೆಸರು ಬರೆಸುತ್ತೇವೆ. ಈ ಯೋಜನೆಗಳಲ್ಲೂ ಅಂಕಗಳಿವೆ, ಯಾರು ಮುಂದೆ ಎಂಬ ಪಟ್ಟಿಯಿದೆ. ಮನುಷ್ಯ ಹೋದಲ್ಲಿಗೆ ಅವನ ಆಸೆಯೂ ಹೋಗುತ್ತದೆ, ಇರಲಿ. ಆದರೆ ಪಟ್ಟಿಯಲ್ಲಿ ಮೊದಲಿಗನಾದವನ ಪಾಲಿಗೂ ಬಂದದ್ದು ಬಹುತೇಕ ‘ಆಗದು’ ಎಂಬುದೇ. ತಪ್ಪು ದಾರಿಗಳನ್ನು ಮುಚ್ಚಿ ಬರುವ ಈ ಕೆಲಸ, ಗೆದ್ದವರ ಕೆಲಸಕ್ಕಿಂತ ಒಂದು ಕೂದಲೆಳೆಯೂ ಕಡಿಮೆಯಲ್ಲ ಎಂದು ನಾನು ನಂಬುತ್ತೇನೆ.

ಸಿಕ್ಕ ಅಣು ಔಷಧವಾಗಿ ರೋಗಿಯ ಕೈಗೆ ಬರಲು ಇನ್ನೂ ವರ್ಷಗಳ ಪರೀಕ್ಷೆಗಳಿವೆ. ಎಷ್ಟೋ ಅಣುಗಳು ಅಲ್ಲೂ ಸೋಲುತ್ತವೆ. ಇತ್ತ ಕರೆಂಟ್ ಬಿಲ್ ಏರುತ್ತದೆ, ಈ ದಾನ ಪುಕ್ಕಟೆಯದಲ್ಲ. ಬಿಲ್ ಹೊರೆಯಾಗದ ಮನೆಯವರು ಯೋಚಿಸಿ ನೋಡಿ. ಯಂತ್ರ ಆಫೀಸಿನದಾದರೆ ಮೊದಲು ಅಲ್ಲಿ ಕೇಳಿ ಒಪ್ಪಿಗೆ ಪಡೆಯಿರಿ.