ಅಂಕಲ್, ಇದು ನನ್ನ ಹೆಸರಲ್ಲ

(ಪದವಿ ಪ್ರದಾನ ಸಮಾರಂಭದಲ್ಲಿ ಆಡಿದ ಮಾತುಗಳ ಬರಹ ರೂಪ)



ಶಿಕ್ಷಕ ಬಂಧುಗಳೇ, ತಂದೆ ತಾಯಂದಿರೇ, ಊರಿನಿಂದ ಬಂದಿರುವ ಅಜ್ಜ ಅಜ್ಜಿಯರೇ, ಮತ್ತು ಮುಂದಿನ ಸಾಲಿನಲ್ಲಿ ಕೂತು ಈ ಭಾಷಣ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿರುವ ಮಕ್ಕಳೇ,

ನನಗೆ ಕೊಟ್ಟ ವಿಷಯ 'ದಿನನಿತ್ಯದ ಕೆಲಸಗಳಿಗೆ ಎಐ ಮತ್ತು ಓಪನ್ ಸೋರ್ಸ್ ಸಲಕರಣೆಗಳು'. ವಿಷಯದ ಹೆಸರು ದೊಡ್ಡದು. ನಾನು ಹೇಳುವ ಕಥೆ ಚಿಕ್ಕದು. ಇವತ್ತು ನಿಮ್ಮ ಕೈಗೆ ಬರಲಿರುವ ಪ್ರಮಾಣಪತ್ರ ಹೇಗೆ ತಯಾರಾಯಿತು, ಎಲ್ಲಿ ಎಡವಿತು, ಆ ತಪ್ಪನ್ನು ಯಾರು ಹಿಡಿದರು ಎಂಬುದಷ್ಟೇ ಕಥೆ.

ಹಿಂದೆಲ್ಲ ನಮ್ಮಲ್ಲಿ ಪ್ರಮಾಣಪತ್ರ ಅಂದರೆ ಒಬ್ಬ ಟೀಚರ್ ಎರಡು ಸಂಜೆ ಕೂತು ಒಂದೊಂದೇ ಹೆಸರು ಟೈಪ್ ಮಾಡುವುದು. ಈ ಸಲ ನಾನು ಉತ್ಸಾಹದಿಂದ, 'ಬಿಡಿ ಮೇಡಂ, ಎಐ ಇದೆ, ಅರ್ಧ ಗಂಟೆಯ ಕೆಲಸ' ಎಂದುಬಿಟ್ಟೆ. ಹೆಸರುಗಳ ಪಟ್ಟಿ ಲಿಬ್ರೆ ಆಫೀಸಿನಲ್ಲಿತ್ತು. ಅಂಚಿನ ರಂಗೋಲಿಯನ್ನು ಇಂಕ್‌ಸ್ಕೇಪಿನಲ್ಲಿ ಬರೆದೆ. ಅಕ್ಷರಕ್ಕೆ ನೋಟೋ ಸೆರಿಫ್ ಕನ್ನಡ ಫಾಂಟ್. ಮೂರಕ್ಕೂ ಒಂದು ಪೈಸೆ ಕೊಡಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ. ಪಟ್ಟಿಯಿಂದ ಹೆಸರು ಎತ್ತಿಕೊಂಡು ಒಂದೊಂದು ಪತ್ರ ಮಾಡುವ ಪುಟ್ಟ ಪ್ರೋಗ್ರಾಂ ಬರೆದುಕೊಡು ಎಂದು ಎಐಗೆ ಹೇಳಿದೆ. ಒಂದು ನಿಮಿಷದಲ್ಲಿ ಪೈಥಾನ್ ಭಾಷೆಯಲ್ಲಿ ಬರೆದುಕೊಟ್ಟಿತು.

ಪೈಥಾನ್ ಹುಟ್ಟಿದ್ದು ಇಲ್ಲೇ, ಆಮ್ಸ್ಟರ್‌ಡ್ಯಾಮಿನಲ್ಲಿ. ಸಿಡಬ್ಲ್ಯುಐ ಎಂಬ ಗಣಿತ ಸಂಶೋಧನಾ ಸಂಸ್ಥೆಯಲ್ಲಿದ್ದ ಗೀಡೋ ವಾನ್ ರೋಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಹವ್ಯಾಸಕ್ಕೆಂದು ಶುರುಮಾಡಿದ ಕೆಲಸ ಅದು. 1991ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಈಗ ನಿಮ್ಮ ಮಕ್ಕಳು ಡಚ್ ಶಾಲೆಯಲ್ಲಿ ಕಲಿಯುವುದೂ ಅದನ್ನೇ, ಎಐ ಕಟ್ಟುವವರು ಹೆಚ್ಚಾಗಿ ಬಳಸುವುದೂ ಅದನ್ನೇ.

ಹೆಸರುಗಳ ಪಟ್ಟಿಯನ್ನು ಹಾಗೇ ಎಐಗೆ ಅಂಟಿಸಲು ಹೊರಟಿದ್ದೆ. ಟೀಚರ್ ತಡೆದರು. 'ಮಕ್ಕಳ ಹೆಸರು, ಹುಟ್ಟಿದ ದಿನ ಎಲ್ಲಾ ಅದರಲ್ಲಿದೆ. ಅಪ್ಪ ಅಮ್ಮಂದಿರನ್ನು ಕೇಳಿದ್ದೀರಾ?' ಎಂದರು. ನಾನು ಕೇಳಿರಲಿಲ್ಲ. ನಾವು ಎಷ್ಟೇ ಚಿಕ್ಕ ಶಾಲೆಯಾದರೂ, 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್, ಅಂದರೆ ಇಲ್ಲಿ ನಾವು ಎವಿಜಿ ಎನ್ನುವ ಕಾನೂನು, ನಮಗೂ ಅನ್ವಯಿಸುತ್ತದೆ. ಸರಿ, ಎಐಗೆ ನಿಜವಾದ ಹೆಸರು ಕೊಡಲಿಲ್ಲ. ರಾಮ, ಕಮಲ, ಗೀತಾ, ಮೋಹನ ಎಂದು ನಾಲ್ಕು ಸುಳ್ಳು ಹೆಸರು ಕೊಟ್ಟು ಪರೀಕ್ಷೆ ಮಾಡಿದೆ. ಪತ್ರಗಳು ಮುದ್ದಾಗಿ ಬಂದವು. ಆಮೇಲೆ ಇಂಟರ್ನೆಟ್ ಇಲ್ಲದೆಯೇ ನನ್ನ ಲ್ಯಾಪ್‌ಟಾಪಿನಲ್ಲಿ ನಿಜವಾದ ಪಟ್ಟಿ ಹಾಕಿ ಎಲ್ಲಾ ಪತ್ರ ತೆಗೆದೆ. ಒಂದು ಪ್ರತಿ ಮುದ್ರಿಸಿಕೊಂಡು ಶನಿವಾರ ತರಗತಿಗೆ ಬಂದೆ.

ಮಕ್ಕಳು ಮುತ್ತಿಕೊಂಡರು. ಒಬ್ಬಳು ಹುಡುಗಿ ತನ್ನ ಪತ್ರ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದಳು: 'ಅಂಕಲ್, ಇದು ನನ್ನ ಹೆಸರಲ್ಲ.'

ಅವಳ ಹೆಸರಿನಲ್ಲಿ 'ಜ್ಞ' ಇದೆ. ಪತ್ರದಲ್ಲಿ 'ಜ್‌' ಒಂದು ಕಡೆ, 'ಞ' ಪಕ್ಕದಲ್ಲಿ ಇನ್ನೊಂದು ಕಡೆ ನಿಂತಿತ್ತು. ಆಗ ಗಾಬರಿಯಿಂದ ಉಳಿದವನ್ನೂ ನೋಡಿದೆ. ಒತ್ತಕ್ಷರ ಇರುವ ಹೆಸರುಗಳೆಲ್ಲ ಒಡೆದುಹೋಗಿದ್ದವು. ನಾನು ಪರೀಕ್ಷೆಗೆ ಕೊಟ್ಟಿದ್ದ ರಾಮ, ಕಮಲ, ಗೀತಾ, ಮೋಹನ, ಯಾವುದರಲ್ಲೂ ಒತ್ತಕ್ಷರವೇ ಇರಲಿಲ್ಲ ನೋಡಿ! ಹಾಗಾಗಿ ತಪ್ಪು ಅಡಗಿ ಕೂತಿತ್ತು. ಎಐಯನ್ನು ಕೇಳಿದೆ. 'ನಿಮ್ಮ ಪ್ರೋಗ್ರಾಂ ಸರಿಯಾಗಿದೆ, ಕನ್ನಡ ಸರಿಯಾಗಿ ಮುದ್ರಣವಾಗುತ್ತದೆ' ಎಂದು ಬಹಳ ವಿನಯದಿಂದ ಹೇಳಿತು. ಅದರ ವಿನಯಕ್ಕೆ ಏನೂ ಕೊರತೆ ಇರಲಿಲ್ಲ.

ಏಕೆ ಹೀಗಾಯಿತು? ಪೋಷಕರಲ್ಲಿ ಅನೇಕರು ಐಟಿಯವರೇ, ಆದರೂ ಇದು ನಮಗೆ ಹೊಳೆಯುವುದಿಲ್ಲ. 'ಕನ್ನಡ' ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರ: ಕ, ನ್ನ, ಡ. ಕಂಪ್ಯೂಟರಿಗೆ ಅವು ಐದು ಸಂಕೇತಗಳು: ಕ, ನ, ಹಲಂತದ ಚಿಹ್ನೆ, ಮತ್ತೊಂದು ನ, ಡ. ಆ ಐದನ್ನು ಸೇರಿಸಿ, ಎರಡನೆಯ ನಕಾರವನ್ನು ಒತ್ತಾಗಿ ಕೆಳಗೆ ಕೂರಿಸುವುದು ಬೇರೆಯದೇ ಒಂದು ತಂತ್ರಾಂಶದ ಕೆಲಸ. ಅರ್ಕಾವೊತ್ತಿನಲ್ಲಂತೂ ಇನ್ನೂ ತಮಾಷೆ. 'ಕಾರ್ತಿಕ' ಬರೆಯುವಾಗ ನಾವು ಆ ಗುರುತನ್ನು ತಕಾರದ ಆಮೇಲೆ ಹಾಕುತ್ತೇವೆ. ಕಂಪ್ಯೂಟರಿನಲ್ಲಿ ರಕಾರ ಮೊದಲು ಇರುತ್ತದೆ. ಅದನ್ನು ಎತ್ತಿ ಹಿಂದಕ್ಕೆ ಇಡಲು ಯಾರಾದರೂ ಬೇಕು. ಎಐ ಆರಿಸಿಕೊಟ್ಟಿದ್ದ ಪಿಡಿಎಫ್ ಸಲಕರಣೆಗೆ ಆ ಕೆಲಸ ಬರುತ್ತಿರಲಿಲ್ಲ. ಇಂಗ್ಲಿಷಿಗೆ, ಡಚ್ಚಿಗೆ ಅದು ಬೇಕೂ ಇಲ್ಲ. ಅವುಗಳ ಅಕ್ಷರ ಒಂದರ ಪಕ್ಕ ಒಂದು ನಿಂತರೆ ಮುಗಿಯಿತು.

ಈ ಜೋಡಣೆಯ ಕೆಲಸವನ್ನು ಚೆನ್ನಾಗಿ ಮಾಡುವ ಓಪನ್ ಸೋರ್ಸ್ ತಂತ್ರಾಂಶದ ಹೆಸರು ಹಾರ್ಫ್‌ಬಜ್. ಆಂಡ್ರಾಯ್ಡ್ ಫೋನಿನಲ್ಲಿ, ಫೈರ್‌ಫಾಕ್ಸಿನಲ್ಲಿ, ಲಿಬ್ರೆ ಆಫೀಸಿನಲ್ಲಿ ಕನ್ನಡ ಸರಿಯಾಗಿ ಕಾಣುವುದರ ಹಿಂದೆ ಅದೇ ಇದೆ. ಎಐಗೆ ಈ ಸಲ ನಾನು ಬಿಡಿಸಿ ಹೇಳಿದೆ: 'ಒತ್ತಕ್ಷರ ಒಡೆಯುತ್ತಿದೆ, ಹಾರ್ಫ್‌ಬಜ್ ಬಳಸುವ ಸಲಕರಣೆಗೆ ಬದಲಾಯಿಸು.' ಹತ್ತು ನಿಮಿಷದಲ್ಲಿ ಬದಲಾಯಿಸಿಕೊಟ್ಟಿತು. ಈಗ ನನ್ನ ಪರೀಕ್ಷೆಯ ಹೆಸರುಗಳು ಲಕ್ಷ್ಮಿ, ಕೃಷ್ಣ, ಕಾರ್ತಿಕ, ಜ್ಞಾನೇಶ್ವರಿ. ಪ್ರೋಗ್ರಾಮನ್ನು ಶಾಲೆಗೆ ಕೊಟ್ಟಿದ್ದೇನೆ, ಮುಂದಿನ ವರ್ಷ ಯಾರು ಬೇಕಾದರೂ ಬಳಸಬಹುದು.

ಇದರಿಂದ ನನಗೆ ಅರ್ಥವಾಗಿದ್ದು ಒಂದೇ ಮಾತು. ಎಐ ನನ್ನ ಎರಡು ಸಂಜೆ ಉಳಿಸಿದ್ದು ನಿಜ. ಆದರೆ 'ಇದು ಸರಿಯಿಲ್ಲ' ಎಂದು ಹೇಳಿದ್ದು ನಮ್ಮಲ್ಲಿ ಓದಲು ಕಲಿತ ಒಂದು ಮಗು. ಅವಳಿಗೆ ಒತ್ತಕ್ಷರ ಗೊತ್ತಿಲ್ಲದಿದ್ದರೆ ಆ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದೆವು.

ಪೋಷಕರು ನನ್ನನ್ನು ಆಗಾಗ ಕೇಳುತ್ತಾರೆ: 'ಫೋನೇ ಅನುವಾದ ಮಾಡುತ್ತೆ, ಓದಿ ಹೇಳುತ್ತೆ. ಹೀಗಿರುವಾಗ ಶನಿವಾರ ಬೆಳಿಗ್ಗೆ ಮಳೆಯಲ್ಲಿ ಸೈಕಲ್ ತುಳಿದು, ಈಜಿನ ಕ್ಲಾಸನ್ನು ಭಾನುವಾರಕ್ಕೆ ಹಾಕಿಸಿಕೊಂಡು, ಕಾಗುಣಿತ ಏಕೆ ಕಲಿಸಬೇಕು?' ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಆ ಹುಡುಗಿಯ ಮಾತಿನಲ್ಲಿದೆ.

ಶಿಕ್ಷಕರಿಗೆ ಇನ್ನೊಂದು ಅನುಭವ ಹೇಳುತ್ತೇನೆ. ಲ, ಳ ವ್ಯತ್ಯಾಸ ಇಲ್ಲಿನ ಮಕ್ಕಳಿಗೆ ಕಷ್ಟ. ಬೆಲೆ-ಬೆಳೆ, ಹಾಲು-ಹಾಳು, ಇಂಥ ಜೋಡಿಪದಗಳ ಅಭ್ಯಾಸದ ಹಾಳೆ ಮಾಡಿಕೊಡು ಎಂದು ಎಐಗೆ ಹೇಳಿದೆ. ಇಪ್ಪತ್ತು ಜೋಡಿ ಕೊಟ್ಟಿತು. ಹೆಚ್ಚಿನವು ಸರಿ. ಮೂರ್ನಾಲ್ಕು ಪದಗಳು ಕನ್ನಡದಲ್ಲಿ ಇಲ್ಲವೇ ಇಲ್ಲ, ಆದರೂ ಅವಕ್ಕೂ ಅರ್ಥ ಬರೆದಿತ್ತು! ಈಗ ನಾವು ಮಾಡುವುದು ಹೀಗೆ: ಎಐ ಕೊಟ್ಟ ಪ್ರತಿ ಪದವನ್ನೂ 'ಅಲರ್' ನಿಘಂಟಿನಲ್ಲಿ ನೋಡುತ್ತೇವೆ. ಅಲ್ಲಿ ಸಿಗದ ಪದವನ್ನು ಹಿರಿಯರನ್ನು ಕೇಳದೆ ಹಾಳೆಗೆ ಹಾಕುವುದಿಲ್ಲ.

ಅಲರ್ ಬಗ್ಗೆ ಎರಡು ಮಾತು ಹೇಳಲೇಬೇಕು. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷ ಪದ, ಎರಡು ಲಕ್ಷ ನಲವತ್ತು ಸಾವಿರ ಅರ್ಥ. 2019ರಲ್ಲಿ ಅದು ಅಂತರ್ಜಾಲಕ್ಕೆ ಬಂದಾಗ ಇಡೀ ದತ್ತಾಂಶವನ್ನೇ ಮುಕ್ತ ಪರವಾನಗಿಯಲ್ಲಿ ಕೊಟ್ಟರು. ಯಾರು ಬೇಕಾದರೂ ಇಳಿಸಿಕೊಂಡು ಆಟ ಮಾಡಬಹುದು, ಪದಬಂಧ ಮಾಡಬಹುದು, ಫ್ಲ್ಯಾಶ್ ಕಾರ್ಡ್ ಮಾಡಬಹುದು. 1894ರಲ್ಲಿ ಕಿಟ್ಟೆಲ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದಾಗ ಅದು ದೊರೆತದ್ದು ಕೊಳ್ಳಬಲ್ಲವರಿಗೆ ಮಾತ್ರ. ಇವತ್ತು ಐಂಡ್‌ಹೋವನ್ನಿನ ಮನೆಯಲ್ಲಿ ಕೂತ ಮಗುವಿಗೂ ಗಂಗಾವತಿಯ ಮಗುವಿಗೂ ಅಲರ್ ಒಂದೇ ರೀತಿ ಸಿಗುತ್ತದೆ. ಓಪನ್ ಸೋರ್ಸ್ ಎಂದರೆ ನನಗೆ ಇದೇ.

ಎಐ ಕನ್ನಡದಲ್ಲಿ ಏಕೆ ಎಡವುತ್ತದೆ? ಅದು ಓದಿದ ಕನ್ನಡ ಕಡಿಮೆ. 2011ರ ಜನಗಣತಿಯಂತೆ ಭಾರತದಲ್ಲಿ ಕನ್ನಡ ಮನೆಮಾತಿನವರು 4.37 ಕೋಟಿ. ಡಚ್ ಮಾತಾಡುವವರು ಸುಮಾರು ಎರಡೂವರೆ ಕೋಟಿ. ಆದರೆ ವಿಕಿಪೀಡಿಯ ನೋಡಿ: ಡಚ್ಚಿನಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಲೇಖನ, 2003ರಲ್ಲಿ ಶುರುವಾದ ಕನ್ನಡದಲ್ಲಿ ಮೂವತ್ತು ಸಾವಿರದ ಆಸುಪಾಸು. ಅಷ್ಟೆಲ್ಲ ಇದ್ದೂ ಡಚ್ಚರು ಸುಮ್ಮನೆ ಕೂತಿಲ್ಲ. ನಮ್ಮ ಭಾಷೆಯ ಎಐ ನಮ್ಮ ಕೈಯಲ್ಲೇ ಇರಲಿ ಎಂದು 2023ರಲ್ಲಿ ಜಿಪಿಟಿ-ಎನ್‌ಎಲ್ ಎಂಬ ಯೋಜನೆ ಘೋಷಿಸಿದರು. ಸರ್ಕಾರ 13.5 ಮಿಲಿಯನ್ ಯೂರೋ ಕೊಟ್ಟಿತು. ನಮ್ಮ ಕಡೆಯೂ ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅನುವಾದದ ಮಾದರಿಗಳನ್ನು ಮುಕ್ತವಾಗಿ ಕೊಟ್ಟಿದೆ. ಆದರೆ ಯಂತ್ರಕ್ಕೆ ಓದಲು ಬರಹ ಬೇಕು, ಬರಹಕ್ಕೆ ಬರೆಯುವವರು ಬೇಕು.

ಕೊನೆಯದಾಗಿ ನನ್ನ ಮನೆಯ ಮಾತು. ನನ್ನ ಅವ್ವ ಧಾರವಾಡದ ಕಡೆಯವಳು. ಹೋದ ಬೇಸಿಗೆಯಲ್ಲಿ ಮೂರು ತಿಂಗಳು ಇಲ್ಲಿದ್ದಳು. ಅವಳು ಹೇಳಿದ ಕಥೆಗಳನ್ನು ಮಗ ಫೋನಿನಲ್ಲಿ ರೆಕಾರ್ಡ್ ಮಾಡಿದ್ದ. ಅವನ್ನು ಬರಹಕ್ಕೆ ಇಳಿಸೋಣ ಎಂದುಕೊಂಡೆವು. ಅವ್ವನ ದನಿ ಎಲ್ಲೆಲ್ಲೋ ಹೋಗುವುದು ಬೇಡವೆಂದು, ನಮ್ಮ ಲ್ಯಾಪ್‌ಟಾಪಿನಲ್ಲೇ ಓಡುವ, ಮಾತು ಕೇಳಿ ಬರೆಯುವ ಒಂದು ಮುಕ್ತ ಮಾದರಿಯನ್ನು ಹಾಕಿಕೊಂಡೆವು. ರಾತ್ರಿಯೆಲ್ಲ ಫ್ಯಾನ್ ಗೊರಗೊರ ಎಂದಿತು. ಬೆಳಿಗ್ಗೆ ನಲವತ್ತು ಪುಟ ಸಿದ್ಧವಾಗಿತ್ತು.

ಓದುತ್ತಾ ಹೋದರೆ ಅವ್ವ ಅದರಲ್ಲಿ ಇರಲಿಲ್ಲ. 'ಏನ್ ಮಾಡಾಕತ್ತೀರಿ' ಎಂದಿದ್ದು 'ಏನು ಮಾಡುತ್ತಿದ್ದೀರಿ' ಆಗಿತ್ತು. 'ಹೋಗೂಣು' ಎಂದಿದ್ದು 'ಹೋಗೋಣ' ಆಗಿತ್ತು. 'ಚಲೋ ಆತು' ಎಂದಿದ್ದು 'ಚಳಿ ಆಯ್ತು' ಆಗಿತ್ತು. ಇಲ್ಲಿನ ಬೇಸಿಗೆಯಲ್ಲಿ ಅದೂ ಸುಳ್ಳಲ್ಲ ಅನ್ನಿ! ಯಂತ್ರಕ್ಕೆ ಪುಸ್ತಕದ ಕನ್ನಡ ಸ್ವಲ್ಪ ಗೊತ್ತು, ಅವ್ವನ ಕನ್ನಡ ಗೊತ್ತಿಲ್ಲ. ತನಗೆ ಗೊತ್ತಿರುವುದಕ್ಕೆ ಅವಳ ಮಾತನ್ನು ಇಸ್ತ್ರಿ ಮಾಡಿಬಿಟ್ಟಿತ್ತು.

ಆಗ ಮಗ ಕೂತ. ಹೆಡ್‌ಫೋನ್ ಹಾಕಿಕೊಂಡು ಒಂದೊಂದು ವಾಕ್ಯ ಕೇಳಿ ತಿದ್ದಿದ. ಗೊತ್ತಾಗದ ಕಡೆ ಧಾರವಾಡಕ್ಕೆ ಫೋನ್. 'ಆಯಿ, ಇಲ್ಲಿ ಏನ್ ಅಂದಿದ್ದಿ ನೀನು?' ಆ ಕಡೆಯಿಂದ ನಗು, ಆಮೇಲೆ ಅದೇ ಕಥೆ ಮತ್ತೊಮ್ಮೆ, ಜೊತೆಗೆ ಇನ್ನೊಂದು ಹೊಸದು. ನಲವತ್ತು ಪುಟ ತಿದ್ದಲು ಎರಡು ತಿಂಗಳು ಹಿಡಿಯಿತು. ಯಂತ್ರ ಇಲ್ಲದಿದ್ದರೆ ಅವನು ಮೊದಲ ಪುಟವನ್ನೇ ಬರೆಯುತ್ತಿರಲಿಲ್ಲ, ಅಷ್ಟು ಟೈಪ್ ಮಾಡುವ ತಾಳ್ಮೆ ಅವನಿಗಿಲ್ಲ. ಅವನಿಗೆ ಕನ್ನಡ ಓದಲು ಬರದಿದ್ದರೆ ಅವನ ಅಜ್ಜಿಯ ಮಾತು ಯಾರದೋ ಮಾತಾಗಿ ಉಳಿಯುತ್ತಿತ್ತು.

ಆದ್ದರಿಂದ ತಂದೆ ತಾಯಂದಿರಲ್ಲಿ ಮೂರು ಕೋರಿಕೆ.

ಮೊದಲನೆಯದು, ಮನೆಯಲ್ಲಿ ಮಕ್ಕಳ ಜೊತೆ ಒಂದು ಚಿಕ್ಕ ಕೆಲಸ ಹಿಡಿಯಿರಿ. ಹಬ್ಬದ ಆಮಂತ್ರಣ, ಅಡುಗೆಯ ಪುಸ್ತಕ, ಅಜ್ಜನ ಕಥೆ, ಯಾವುದಾದರೂ ಸರಿ. ಕರಡನ್ನು ಎಐ ಮಾಡಲಿ, ತಿದ್ದುವ ಪೆನ್ನು ಮಗುವಿನ ಕೈಯಲ್ಲಿರಲಿ.

ಎರಡನೆಯದು, ಮಕ್ಕಳ ಹೆಸರು, ಫೋಟೋ, ದನಿಯನ್ನು ಸಿಕ್ಕ ಸಿಕ್ಕ ಆ್ಯಪಿಗೆ ಹಾಕಬೇಡಿ. ನಿಮ್ಮ ಕಂಪ್ಯೂಟರಿನಲ್ಲೇ ಆಗುವ ಕೆಲಸ ಅಲ್ಲೇ ಆಗಲಿ. ಈ ದೇಶದಲ್ಲಿ ಆನ್‌ಲೈನ್ ಸೇವೆಗಳಿಗೆ ತಾನೇ ಒಪ್ಪಿಗೆ ಕೊಡಲು ಮಗುವಿಗೆ 16 ವರ್ಷ ಆಗಿರಬೇಕು. ಅಲ್ಲಿಯವರೆಗೆ ಆ ಹೊಣೆ ನಮ್ಮದು.

ಮೂರನೆಯದು, ತಿದ್ದಿದ್ದನ್ನು ಹಂಚಿ. ಕನ್ನಡ ವಿಕಿಪೀಡಿಯದಲ್ಲಿ ನಿಮ್ಮ ಊರಿನ ಬಗ್ಗೆ ನಾಲ್ಕು ಸಾಲು ಸೇರಿಸಿ. ವಿಕಿಸೋರ್ಸಿನಲ್ಲಿ ಹಳೆಯ ಪುಸ್ತಕದ ಒಂದು ಪುಟದ ಕರಡು ತಿದ್ದಿ. ಚಹಾ ಕುಡಿಯುವಷ್ಟು ಹೊತ್ತು ಸಾಕು. ನಾಳೆಯ ಯಂತ್ರ ಓದುವುದು ಅದನ್ನೇ.

ಶಿಕ್ಷಕರೇ, ಸಂಬಳವಿಲ್ಲದೆ, ರಜೆಯ ದಿನ, ನೀವು ಕಲಿಸಿದ ಕಾಗುಣಿತ ಏನು ಮಾಡಿದೆ ಎಂದು ಈ ವರ್ಷ ನಾನು ಕಣ್ಣಾರೆ ಕಂಡೆ. ನಿಮಗೆ ನನ್ನ ನಮಸ್ಕಾರ.

ಮಕ್ಕಳೇ, ಈಗ ನಿಮ್ಮ ಸರದಿ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಫೋಟೋಗೆ ನಿಲ್ಲಬೇಡಿ. ಮೊದಲು ನಿಮ್ಮ ಹೆಸರು ಓದಿ. ದೀರ್ಘ, ಒತ್ತು, ಅರ್ಕಾವೊತ್ತು ಎಲ್ಲಾ ಇದೆಯಾ ನೋಡಿ. ತಪ್ಪಿದ್ದರೆ ಹಿಂಜರಿಯದೆ ಬಂದು ಹೇಳಿ. ನಾನು ಬಾಗಿಲ ಹತ್ತಿರ ಲ್ಯಾಪ್‌ಟಾಪ್, ಪ್ರಿಂಟರ್ ಇಟ್ಟುಕೊಂಡೇ ಕೂತಿರುತ್ತೇನೆ.