ಹಸಿಗೆ ಹಸಿ ಕೂಡಿದ ಮೇಲೆ

ಜೂನ್ ತಿಂಗಳ ಒಂದು ಸಂಜೆ ಹುನಗುಂದದ ಎರೆಹೊಲದ ಮೇಲೆ ದಪ್ಪ ಹನಿಯ ಮಳೆ ಒಂದು ತಾಸು ಬಿತ್ತೆನ್ನಿ. ಓಡಿಹೋಗಿ ಕೆಳಗಿನ ಹಳ್ಳ ನೋಡಿದರೆ ಉಸುಕು ತೊಯ್ದಿದೆ ಅಷ್ಟೇ, ನೀರಿಲ್ಲ. ಅಷ್ಟೇ ಮಳೆ, ಅಷ್ಟೇ ಹೊತ್ತು, ಸೆಪ್ಟೆಂಬರ್ ಕೊನೆಗೆ ಹಸ್ತಾ ಮಳೆಯಾಗಿ ಬರಲಿ. ಈಗ ಹಳ್ಳ ದಾಟುವ ಹಾಗಿಲ್ಲ. ಶಾಲೆ ಬಿಟ್ಟ ಮಕ್ಕಳು ಆಚೆ ದಂಡೆಯಲ್ಲೇ ನಿಲ್ಲಬೇಕು.

ಹಾಗಾದರೆ ಜೂನ್ ತಿಂಗಳ ನೀರು ಎಲ್ಲಿ ಹೋಯಿತು?

ನೆಲ ಕುಡಿಯಿತು. ಬೇಸಿಗೆಯ ಎರೆಹೊಲದಲ್ಲಿ ನಡೆದವರಿಗೆ ಅಲ್ಲಿನ ಬಿರುಕು ಗೊತ್ತು; ನಿಮ್ಮ ಕೈ ಮೊಣಕೈವರೆಗೆ ಇಳಿದೀತು. (ಇಳಿಸಬೇಡಿ, ಚೇಳಿನ ಮನೆಯೂ ಅದೇ.) ಮೊದಲ ಮಳೆಗಳು ಈ ಬಿರುಕುಗಳಲ್ಲಿ ಗಟಗಟ ಇಳಿದುಹೋಗುತ್ತವೆ. ಆದರೆ ಎರೆಮಣ್ಣಿಗೆ ಒಂದು ಗುಣವಿದೆ: ನೀರು ಸಿಕ್ಕರೆ ಉಬ್ಬುತ್ತದೆ, ರಾತ್ರಿ ನೆನೆಹಾಕಿದ ಕಡಲೆಯ ಹಾಗೆ. ಉಬ್ಬಿದ ನೆಲದಲ್ಲಿ ಬಿರುಕು ಮುಚ್ಚುತ್ತದೆ. ಆಮೇಲೆ ತಾಸಿಗೆ ಕೆಲವೇ ಮಿಲಿಮೀಟರ್ ನೀರು ಒಳಗೆ ಹೋಗುತ್ತದೆ. ಮಿಕ್ಕದ್ದು ಇಳಿಜಾರು ಹಿಡಿದು ಹಳ್ಳಕ್ಕೆ, ಹಳ್ಳದಿಂದ ಮಲಪ್ರಭೆಗೆ, ಕೂಡಲಸಂಗಮದಲ್ಲಿ ಕೃಷ್ಣೆಗೆ.

ಇದು ಸಣ್ಣ ಲೆಕ್ಕವಲ್ಲ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. 30 ಮಿಲಿಮೀಟರ್ ಬಿದ್ದರೆ 5,000 ಲೀಟರಿನ ಟ್ಯಾಂಕರುಗಳು 24 ಬಂದು ಒಂದೇ ಎಕರೆಯಲ್ಲಿ ಸುರಿದು ಹೋದಂತೆ! ಒಂದು ಮೀಟರ್ ಆಳದ ಒಳ್ಳೆಯ ಎರೆಮಣ್ಣು ಸುಮಾರು 150ರಿಂದ 200 ಮಿಲಿಮೀಟರ್ ನೀರನ್ನು ಬೆಳೆಗಾಗಿ ಹಿಡಿದಿಟ್ಟುಕೊಳ್ಳಬಲ್ಲದು. ಹಿಂಗಾರಿ ಜೋಳ, ಕಡಲೆ, ಕುಸುಬಿ ಚಳಿಗಾಲವೆಲ್ಲ ಈ ಗಂಟಿನ ಮೇಲೇ ಬದುಕುತ್ತವೆ.

ಗಂಟೇ ಇಲ್ಲದ ಕಡೆ ಏನಾಗುತ್ತದೆ? ಬಾದಾಮಿಗೆ ಹೋಗಿ. ಅಗಸ್ತ್ಯ ತೀರ್ಥದ ಹಿಂದೆ ಬೋಳು ಮರಳುಗಲ್ಲಿನ ಗುಡ್ಡ. ಜೋರು ಮಳೆ ಬಂದರೆ ಅಕ್ಕ–ತಂಗಿ ಜಲಪಾತ ಜೋಡಿಯಾಗಿ ಧುಮುಕುತ್ತದೆ, ಮಳೆ ನಿಂತು ಸ್ವಲ್ಪ ಹೊತ್ತಿಗೆ ಸೊರಗುತ್ತದೆ. ಬಂಡೆಗೆ ಕುಡಿಯುವುದು ಗೊತ್ತಿಲ್ಲ, ಕೂಡಿಡುವುದೂ ಗೊತ್ತಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟಿನ ಮೇಲೆ ಗೇಣುದ್ದ ಮಣ್ಣಿರುವ ಕಡೆ ಇವೆರಡರ ನಡುವಿನ ಸ್ಥಿತಿ: ಕುಡಿಯುತ್ತದೆ, ಬೇಗ ಹೊಟ್ಟೆ ತುಂಬುತ್ತದೆ.

ಆದ್ದರಿಂದ ಹಳ್ಳ ಬರುತ್ತದೋ ಇಲ್ಲವೋ ಎಂದು ತಿಳಿಯಲು ಮೋಡ ನೋಡಿದರೆ ಸಾಲದು. ನೆಲದಲ್ಲಿ ಈಗಾಗಲೇ ಎಷ್ಟು ಹಸಿ ಇದೆ ಎಂದು ಅಳೆಯಬೇಕು.

ನಮ್ಮ ರೈತರು ಇದನ್ನು ಗುದ್ದಲಿಯಿಂದ ಅಳೆಯುತ್ತಾರೆ. ಒಂದು ಗುಂಡಿ ತೋಡಿದಾಗ ಮೇಲೆ ಹೊಸ ಮಳೆಯ ಕಪ್ಪು ಹಸಿ, ನಡುವೆ ಬೂದುಬಣ್ಣದ ಒಣಪದರ, ಕೆಳಗೆ ಹಳೆಯ ಹಸಿ ಕಾಣುತ್ತದೆ. “ಹಸಿಗೆ ಹಸಿ ಕೂಡೇತೇನು?” ಎಂದು ಒಬ್ಬರನ್ನೊಬ್ಬರು ಕೇಳುವುದು ಆ ನಡುವಿನ ಒಣಪದರದ ಬಗ್ಗೆ. ಅದು ಮಾಯವಾದರೆ ಬಿತ್ತನೆಗೆ ಒಳ್ಳೆಯ ಸುದ್ದಿ. ನನ್ನ ಪ್ರಕಾರ ಅದೇ ಹಳ್ಳದ ಮುನ್ಸೂಚನೆಯೂ ಹೌದು: ಇನ್ನು ಬೀಳುವ ದೊಡ್ಡ ಮಳೆಗೆ ಒಳಗೆ ಜಾಗ ಕಡಿಮೆ.

ಪ್ರಯೋಗಾಲಯದವರು ಹಸಿಮಣ್ಣನ್ನು ತೂಗಿ, 105 ಡಿಗ್ರಿ ಬಿಸಿಯ ಒಲೆಯಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗುತ್ತಾರೆ. 120 ಗ್ರಾಂ ಇದ್ದದ್ದು 100ಕ್ಕೆ ಇಳಿದರೆ ತೇವ ನೂರಕ್ಕೆ ಇಪ್ಪತ್ತು. ಹೊಲದಲ್ಲೇ ಹೂತಿಡುವ ವಿದ್ಯುತ್ ಸೆನ್ಸರುಗಳೂ ಇವೆ. ಇನ್ನು ಆಕಾಶದಿಂದ ಅಳೆಯುವ ಕಥೆ ಕೇಳಿ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹ ಇಸ್ರೋ ಮತ್ತು ನಾಸಾ ಕೂಡಿ ಕಟ್ಟಿದ್ದು. 12 ಮೀಟರ್ ಅಗಲದ ಕೊಡೆಯಂಥ ಆಂಟೆನಾ ಬಿಚ್ಚಿಕೊಂಡು ಅದು ರೇಡಿಯೋ ಅಲೆ ಕಳಿಸುತ್ತದೆ. ಅದರ ಒಂದು ಬಗೆಯ ಅಲೆಯ ಉದ್ದ ಹೆಚ್ಚುಕಡಿಮೆ ಒಂದು ಗೇಣು. ಒದ್ದೆ ನೆಲ ಒಣ ನೆಲಕ್ಕಿಂತ ಹೆಚ್ಚು ಅಲೆಯನ್ನು ಮರಳಿಸುತ್ತದೆ. ಆ ವ್ಯತ್ಯಾಸವೇ ತೇವದ ಲೆಕ್ಕ. ಆದರೆ ಅಷ್ಟು ಎತ್ತರದಿಂದ ಸಿಗುವುದು ಮೇಲಿನ ಕೆಲವು ಬೆರಳಷ್ಟು ಮಣ್ಣಿನ ಸುದ್ದಿ ಮಾತ್ರ. ಆಳದ ಮಾತಿಗೆ ಗುದ್ದಲಿಯೇ ಬೇಕು.

ನಿಮ್ಮ ಗ್ರಾಮ ಪಂಚಾಯ್ತಿಯ ಬಳಿ ಕಂಬಕ್ಕೆ ಕಟ್ಟಿದ ಮಳೆಮಾಪಕ ನೋಡಿರಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಅದು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತದೆ. ಮಳೆಯ ಲೆಕ್ಕಕ್ಕೆ ಮಣ್ಣಿನ ಲೆಕ್ಕ ಕೂಡಿದರೆ ಹಳ್ಳದ ಲೆಕ್ಕ ಹತ್ತಿರ ಬರುತ್ತದೆ. ಹೊಳೆಯದು ಮಾತ್ರ ಬೇರೆ. 2009ರ ಅಕ್ಟೋಬರ್ ಮೊದಲಿಗೆ ಪ್ರವಾಹ ಬಂದಾಗ ಮಳೆ ಸುರಿದದ್ದು ನಮ್ಮ ನೆಲದ ಮೇಲೆಯೇ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳನ್ನು ಸುತ್ತುವರಿದ ನೀರು ಘಟ್ಟದ ಮಳೆಯದು, ನವಿಲುತೀರ್ಥ ಅಣೆಕಟ್ಟು ತುಂಬಿ ಕೆಳಗೆ ಬಂದದ್ದು. ಅಂಥ ದಿನ ನಮ್ಮ ಹೊಲದ ಹಸಿ ನೋಡಿ ಪ್ರಯೋಜನವಿಲ್ಲ.

ಮುಂದಿನ ಮಳೆಗೆ ಮೊದಲು ದೊಡ್ಡವರೊಬ್ಬರ ಜೊತೆ ಹೊಲಕ್ಕೆ ಹೋಗಿ, ಮೊಣಕಾಲುದ್ದ ಗುಂಡಿ ತೋಡಿ. ಹಸಿ ಎಷ್ಟು ಬೆರಳು, ಮಳೆ ಎಷ್ಟು, ಹಳ್ಳ ಬಂತೇ ಎಂಬ ಮೂರು ಸಂಗತಿಗಳನ್ನು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ಗುಂಡಿ ಮುಚ್ಚಿ ಬನ್ನಿ, ಎತ್ತಿನ ಕಾಲು ಸಿಕ್ಕೀತು.